ಪಟ್ಟಿಯಲ್ಲಿಲ್ಲದ ಸರ

ನಗರ, ಹೊಸನಗರ ತಾಲ್ಲೂಕು
14 ಜೂನ್ 2024

ಚಿರಂಜೀವಿ ತನುಜಾಳಿಗೆ,

ನಿನ್ನ ಸೋದರಮಾವ ಕನ್ನಪ್ಪನ ಆಶೀರ್ವಾದ. ನಾವಿಲ್ಲಿ ಗಟ್ಟಿಯಾಗಿದ್ದೇವೆ. ನಿನ್ನ ಅತ್ತೆ ವೆಂಕಮ್ಮನಿಗೆ ಮಂಡಿನೋವು, ಅದರ ಕಥೆ ಕೇಳಿ ಕೇಳಿ ನನಗೆ ಕಿವಿನೋವು. ಉಳಿದಂತೆ ತೊಂದರೆ ಇಲ್ಲ.

ಫೋನು ಮಾಡಿದರೆ ನೀನು, "ಮಾವ, ನೀವು ಫೋನಲ್ಲಿ ಮಾತಾಡಿದ್ರೆ ಇಡೀ ಬಸ್‌ಸ್ಟ್ಯಾಂಡಿಗೆ ಕೇಳತ್ತೆ. ಕೋರ್ಟಿನ ವಿಷಯ ಏನಿದ್ರೂ ಕಾಗದ ಬರೀರಿ" ಎಂದು ಇಟ್ಟುಬಿಟ್ಟೆ. ಆಗಲಿ. ಮೂವತ್ತು ವರ್ಷ ಮೈಕ್ ಸೆಟ್ ನಡೆಸಿದ ಗಂಟಲು ಇದು. ಕವಲೇದುರ್ಗದ ಕೋಟೆಯ ಮೇಲೆ ನಿಂತು ಮೈಕಿಲ್ಲದೆ ಕೂಗಿದರೂ ಕೆಳಗೆ ಗದ್ದೆಯಲ್ಲಿರುವವರು ತಲೆ ಎತ್ತಿ ನೋಡುತ್ತಾರೆ. ಬರೆಯುವುದರಲ್ಲೂ ನಾನೇನು ಕಮ್ಮಿಯಿಲ್ಲ. ಏಳನೇ ಕ್ಲಾಸಿನಲ್ಲಿ ಕನ್ನಡಕ್ಕೆ ನೂರಕ್ಕೆ ಎಂಬತ್ತೊಂದು ಬಂದಿತ್ತು. ಆಮೇಲೆ ನಾನು ಶಾಲೆ ಬಿಟ್ಟದ್ದರಿಂದ ನಷ್ಟವಾದದ್ದು ಶಾಲೆಗೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಮಾಸ್ತಪ್ಪ ಅವನ ಚಾ ಅಂಗಡಿಯಲ್ಲಿ ಹತ್ತು ಜನರ ಮುಂದೆ ಕೇಳಿದ: "ಕನ್ನಪ್ಪ, ನಿನ್ನ ಸೊಸೆ ಸಾಗರದ ಕೋರ್ಟಿಗೆ ಪಾಪರ್ ಅರ್ಜಿ ಹಾಕ್ತಾಳಂತಲ್ಲ ಮಾರಾಯ, ಹೌದಾ?" ನನಗೆ ಕೈಯಲ್ಲಿದ್ದ ಲೋಟ ಭಾರವಾಯಿತು. ನೀನು ನಿನ್ನ ಗಂಡ ಗಣೇಶನ ಪಾಲು ಕೇಳುವುದು ಸರಿ. ಸಾಗರದ ಆ ಮನೆ, ಆ ರೈಸ್ ಮಿಲ್ಲು ಎರಡರಲ್ಲೂ ಅವನಿಗೆ ಅರ್ಧ ಇದೆ. ಅವನು ಹೋದ ಮೂರೇ ತಿಂಗಳಿಗೆ ಅವನ ಅಣ್ಣ ಮಂಜುನಾಥಪ್ಪ ನಿನ್ನನ್ನೂ ಮಗು ದೀಪ್ತಿಯನ್ನೂ ಹೊರಗೆ ಹಾಕಿದ್ದು ಊರಿಗೇ ಗೊತ್ತು. ಕೇಸು ಹಾಕು, ನಾನು ಜೊತೆಗಿದ್ದೇನೆ. ಆದರೆ ನ್ಯಾಯಾಧೀಶರ ಮುಂದೆ ನಿಂತು "ನನ್ನ ಹತ್ತಿರ ಏನೂ ಇಲ್ಲ, ಕೋರ್ಟಿನ ಶುಲ್ಕ ಮಾಫಿ ಮಾಡಿ" ಎಂದು ಕೇಳುವುದೇ? ಕನ್ನಪ್ಪನ ಸೊಸೆ?

ಆ ಮಾಸ್ತಪ್ಪನ ವಿಷಯ ಹೇಳುತ್ತೇನೆ ಕೇಳು. ಹೋದ ವರ್ಷ ಗಣಪತಿ ಹಬ್ಬದ ಅನ್ನಸಂತರ್ಪಣೆಗೆ ಅವನು ಒಂದು ಹಿಡಿ ಅಕ್ಕಿ ಕೊಟ್ಟಿರಲಿಲ್ಲ. ನಾನು ಮೈಕ್ ಹಿಡಿದು, "ಶ್ರೀ ಮಾಸ್ತಪ್ಪನವರಿಂದ ಮೂರು ಕ್ವಿಂಟಾಲ್ ಅಕ್ಕಿ, ಅವರಿಗೆ ಸಮಿತಿಯ ಹಾರ್ದಿಕ ವಂದನೆಗಳು" ಎಂದು ಮೂರು ಸಲ ಕೂಗಿದೆ. ಸಂಜೆಯೊಳಗೆ ಅಕ್ಕಿ ಬಂತು. ಮೈಕಿನಲ್ಲಿ ಹೇಳಿದ ಮಾತಿಗೆ ಅಷ್ಟು ಬಲವಿದೆ. ಒಮ್ಮೆ ಹೇಳಿಬಿಟ್ಟರೆ ಅದು ನಿಜವಾಗಲೇಬೇಕು.

ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ: ಆ ಶುಲ್ಕ ನಾನು ಕಟ್ಟುತ್ತೇನೆ. ಅರ್ಜಿ ವಾಪಸು ತಗೋ.

ಗಣೇಶ ಆಸ್ಪತ್ರೆಯಲ್ಲಿದ್ದಾಗ ಬರಲಾಗಲಿಲ್ಲ. ಅದು ಸೀಸನ್ನು. ಮಳೆಗಾಲದಲ್ಲಿ ಎಂಥ ಮದುವೆ ಸೀಸನ್ನು ಎಂದು ನೀನು ಕೇಳಲಿಲ್ಲ.

ಇಂತಿ,
ನಗರದ ಗಂಡು ಗಂಟಲು, ಶ್ರೀ ಗುತ್ಯಮ್ಮ ಸೌಂಡ್ಸ್ ಮಾಲೀಕ, ನಿನ್ನ ಸೋದರಮಾವ
ಕನ್ನಪ್ಪ


ತೀರ್ಥಹಳ್ಳಿ
25 ಜೂನ್ 2024

ಪ್ರೀತಿಯ ಮಾವನಿಗೆ,

ತನುಜಾಳ ನಮಸ್ಕಾರ. ನಿಮ್ಮ ಕಾಗದವನ್ನು ದೀಪ್ತಿಗೆ ಓದಿ ಹೇಳಿದೆ. ಮಾಸ್ತಪ್ಪನವರ ಅಕ್ಕಿಯ ಕಥೆ ಎರಡು ಸಲ ಓದಿಸಿಕೊಂಡಳು. ನನ್ನ ಅಮ್ಮನ ಹೆಸರು ಮೈಕ್ ಸೆಟ್ಟಿಗೆ ಇಟ್ಟಿದ್ದೀರಿ ಎಂದು ಅವಳಿಗೆ ಗೊತ್ತಿರಲಿಲ್ಲ. "ಅಜ್ಜಿ ಅಷ್ಟು ಜೋರಾಗಿ ಮಾತಾಡ್ತಿದ್ರಾ?" ಎಂದು ಕೇಳಿದಳು. ಅಮ್ಮ ಎಷ್ಟು ಮೆತ್ತಗೆ ಮಾತಾಡುತ್ತಿದ್ದಳು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಮಾವ, ಅರ್ಜಿ ವಾಪಸು ತೆಗೆದುಕೊಳ್ಳುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಹೇಳುತ್ತೇನೆ.

ಶ್ಯಾಮಲಾ ಮೇಡಂ ಎಂದು ಕಾನೂನು ನೆರವಿನವರು ಕೊಟ್ಟ ವಕೀಲರು. ಅವರಿಗೆ ನಾನೇನೂ ಕೊಡಬೇಕಾಗಿಲ್ಲ. ಆದರೆ ದಾವೆ ಹೂಡುವಾಗ ಕೋರ್ಟಿಗೆ ಕಟ್ಟುವ ಶುಲ್ಕ ಬೇರೆ. ನಾನು ಆ ಮನೆಯೊಳಗೇ ಇದ್ದು ಪಾಲು ಕೇಳಿದ್ದರೆ ಶುಲ್ಕ ಅಲ್ಪಸ್ವಲ್ಪ. ಹೊರಗಿರುವುದರಿಂದ ನನ್ನ ಪಾಲಿನ ಬೆಲೆಯ ಮೇಲೆ ಕಟ್ಟಬೇಕಂತೆ. ಲಕ್ಷ ದಾಟುತ್ತದೆ. ಮಂಜುನಾಥಪ್ಪ ಭಾವ ಇದನ್ನು ತಿಳಿದೇ ನಮ್ಮನ್ನು ಹೊರಗೆ ಹಾಕಿದರೋ ಏನೋ. ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು ಆ ಲಕ್ಷ ಕೂಡಿಸುವಷ್ಟರಲ್ಲಿ ದೀಪ್ತಿ ಅಜ್ಜಿಯಾಗುತ್ತಾಳೆ.

ಇಂಥವರಿಗಾಗಿಯೇ ಕಾನೂನಿನಲ್ಲಿ ದಾರಿ ಇದೆ. "ನಿರ್ಗತಿಕ ವ್ಯಕ್ತಿಯಾಗಿ ದಾವೆ ಹೂಡಲು ಅನುಮತಿ" ಎಂದು ಅದರ ಹೆಸರು. ಪಾಪರ್ ಎನ್ನುವುದು ಹಳೇ ಮಾತು. ಇದು ಬಿಟ್ಟಿಯೂ ಅಲ್ಲ. ಗೆದ್ದರೆ ಸರ್ಕಾರ ಆ ಶುಲ್ಕ ವಸೂಲಿ ಮಾಡುತ್ತದೆ. ಈಗ ಕಾಯುತ್ತಾರೆ, ಅಷ್ಟೇ.

ನನ್ನ ಹತ್ತಿರ ಇರುವುದನ್ನೆಲ್ಲ ಪಟ್ಟಿ ಮಾಡಿ ಸಹಿ ಹಾಕಬೇಕಿತ್ತು. ಕಬ್ಬಿಣದ ಮಂಚ, ಕುಕ್ಕರ್, ಹೊಲಿಗೆ ಮೆಷಿನ್, ಮೊಬೈಲ್, ದೀಪ್ತಿಯ ಸೈಕಲ್, ಕಿವಿಯ ಓಲೆ ಒಂದು ಜೊತೆ. ಬರೆಯುವ ಮೊದಲು ನಾಚಿಕೆಯಾಗಿತ್ತು. ಬರೆದಾದ ಮೇಲೆ, ಇಷ್ಟೇ ಇಟ್ಟುಕೊಂಡು ಎರಡು ವರ್ಷ ನಡೆಸಿದ್ದೇನಲ್ಲ ಎಂದು ಬೇರೇನೋ ಅನ್ನಿಸಿತು. ಬೆಲೆಬಾಳುವ ಒಂದೇ ಒಂದು ವಸ್ತು ಮುಚ್ಚಿಟ್ಟಿದ್ದು ಗೊತ್ತಾದರೂ ಅರ್ಜಿ ತಳ್ಳಿಹಾಕುತ್ತಾರಂತೆ. ಆಗ ಶುಲ್ಕ ಕಟ್ಟಬೇಕು, ಇಲ್ಲವೇ ಕೇಸು ಬಿಡಬೇಕು.

ಭಾವನ ಕಡೆಯವರು ಅದನ್ನೇ ಹುಡುಕುತ್ತಾರೆ. ನಿಮ್ಮಲ್ಲಿ ಒಂದೇ ಬೇಡಿಕೆ. ನನ್ನ ವಿಷಯ, ನನ್ನ ಮದುವೆಯ ವಿಷಯ ಯಾರ ಹತ್ತಿರವೂ ಮಾತಾಡಬೇಡಿ.

ನಿಮ್ಮ,
ತನುಜಾ


ನಗರ
3 ಸೆಪ್ಟೆಂಬರ್ 2024

ಚಿರಂಜೀವಿ ತನುಜಾಳಿಗೆ,

ಮಾವನ ಆಶೀರ್ವಾದ. ಕಾಗದ ತಡವಾಯಿತು. ಶುಲ್ಕದ ವಿಷಯ ನಾನು ಮರೆತಿಲ್ಲ. ಆದರೆ ಸಿಡಿಲಿಗೆ ಆಂಪ್ಲಿಫೈಯರ್ ಸುಟ್ಟುಹೋಯಿತು. ಅದು ಸಾಮಾನ್ಯ ಸಿಡಿಲಲ್ಲ. ಹೊಸನಗರದಲ್ಲಿ ಬಿದ್ದ ಎಲ್ಲ ಸಿಡಿಲುಗಳಿಗೂ ಅಣ್ಣ.

ನಿನ್ನ ಪಟ್ಟಿ ಓದಿದೆ. ನಿನ್ನ ಅಕ್ಷರ ಚೆನ್ನಾಗಿದೆ. ಮತ್ತೊಮ್ಮೆ ಓದಿದೆ. ವೆಂಕಮ್ಮ, "ಅದೆಂಥದು ಆ ಕಾಗದದಲ್ಲಿ, ಮೂರು ದಿನದಿಂದ ಕಿಸೆಯಲ್ಲಿ ಇಟ್ಕಂಡು ಓಡಾಡ್ತೀರಲ್ಲ?" ಎಂದಳು. ಕುಕ್ಕರಿನ ಕಂಪನಿ ಯಾವುದು ಎಂದು ನೋಡುತ್ತಿದ್ದೇನೆ ಎಂದೆ. ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದ್ದರೆ ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ಒಂದು ಸಂತೋಷದ ಸುದ್ದಿ. ಕೃಷ್ಣಪ್ರಸಾದ್ ಎಂಬ ಒಳ್ಳೆಯ ಮನುಷ್ಯ, ಸಾಗರದವನು, ಕಾರಿನಲ್ಲಿ ಮನೆಯವರೆಗೆ ಬಂದಿದ್ದ. ತಂಗಿಯ ಮದುವೆಯಂತೆ. "ಮೈಕ್ ಸೆಟ್ಟು ನೂರು ಜನರ ಹತ್ರ ಇದೆ ಕನ್ನಪ್ಪಣ್ಣ, ನಿಮ್ಮ ಗಂಟಲು ಯಾರ ಹತ್ರ ಇದೆ?" ಎಂದ. ತಿಳಿದವನು. ಮುಯ್ಯಿ ಓದುವಾಗ, ಯಾರು ಏನು ಉಡುಗೊರೆ ಕೊಟ್ಟರು ಎಂದು ಕೂಗುವಾಗ, ನನ್ನ ದನಿ ಹೇಗಿರುತ್ತದೆ ಎಂದು ಮನೆಯವರಿಗೆ ಕೇಳಿಸಬೇಕಂತೆ. ನನ್ನ ಹತ್ತಿರ ಇರುವುದರಲ್ಲಿ ಅತ್ಯುತ್ತಮವಾದ್ದು ಯಾವುದು ಹೇಳು? ನಿನ್ನ ಮದುವೆಯ ವಿಡಿಯೋ. ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಅವನು ಅಲ್ಲೇ ಹಾಕಿ ನೋಡಿ, ಒಂದು ಜಾಗವನ್ನು ನಾಲ್ಕು ಸಲ ಕೇಳಿದ. ಹನ್ನೊಂದು ವರ್ಷದ ಹಿಂದಿನ ನನ್ನ ದನಿ, ಆಹಾ.

ನೀನು ಮಾತಾಡಬೇಡ ಎಂದಿದ್ದೆ. ನಾನು ಒಂದು ಮಾತೂ ಆಡಲಿಲ್ಲ. ವಿಡಿಯೋ ಕೊಟ್ಟೆ, ಅಷ್ಟೇ. ಮುಂಗಡ ಕೊಡಲು ಮರೆತು ಹೋದ. ಬರುತ್ತಾನೆ.

ಇಂತಿ,
ಸೌಂಡ್ಸ್ ಮಾಲೀಕ, ನಿನ್ನ ಸೋದರಮಾವ
ಕನ್ನಪ್ಪ


ತೀರ್ಥಹಳ್ಳಿ
19 ಅಕ್ಟೋಬರ್ 2024

ಮಾವನಿಗೆ ನಮಸ್ಕಾರ.

ಕೃಷ್ಣಪ್ರಸಾದ್ ಮತ್ತೆ ಬರುವುದಿಲ್ಲ. ಅವರು ಭಾವನ ಹೆಂಡತಿಯ ತಮ್ಮ. ಅವರ ತಂಗಿಯ ಮದುವೆಯಾಗಿ ಆರು ವರ್ಷವಾಯಿತು.

ಮೊನ್ನೆ ಬುಧವಾರ ಸಾಗರದ ಕೋರ್ಟಿನಲ್ಲಿ ನನ್ನ ಅರ್ಜಿಯ ವಿಚಾರಣೆ ಇತ್ತು. ಅವರ ಕಡೆಯ ವಕೀಲರು ಲ್ಯಾಪ್‌ಟಾಪ್ ತಂದಿದ್ದರು. ನಮ್ಮ ಮದುವೆಯ ವಿಡಿಯೋ ಹಾಕಿದರು. ಗಣೇಶರ ಮುಖ ಕಂಡಿತು. ಬಾಸಿಂಗ ಜಾರಿ ಒಂದು ಕಣ್ಣಿನ ಮೇಲೆ ಬಂದಿತ್ತು, ಅವರು ನಗುತ್ತಿದ್ದರು. ಆಮೇಲೆ ನಿಮ್ಮ ದನಿ: "ವಧುವಿನ ಸೋದರಮಾವ ಕನ್ನಪ್ಪನವರಿಂದ, ತಂದೆ ಇಲ್ಲದ ಸೊಸೆಗೆ, ಹತ್ತು ಪವನಿನ ಬಂಗಾರದ ಅವಲಕ್ಕಿ ಸರ." ಮೂರು ಸಲ. ಕೋರ್ಟಿನಲ್ಲಿ ಬರೆದುಕೊಳ್ಳುತ್ತಿದ್ದವರೂ ತಲೆ ಎತ್ತಿದರು.

"ಇದು ನಿಮ್ಮ ಮಾವನ ದನಿಯೇ?" ಎಂದು ಕೇಳಿದರು. ಹೌದೆಂದೆ.

"ವಿಡಿಯೋದಲ್ಲಿ ನಿಮ್ಮ ಕೊರಳಲ್ಲಿರೋದು ಆ ಸರವೇ?" ಹೌದೆಂದೆ.

"ಇವತ್ತು ಅದರ ಬೆಲೆ ಐದು ಲಕ್ಷಕ್ಕೂ ಮೇಲೆ. ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ? ಸರ ಎಲ್ಲಿದೆ ಈಗ?"

ನ್ಯಾಯಾಧೀಶರೂ ಎರಡು ಸಲ ಕೇಳಿದರು. ಆಮೇಲೆ ಡಿಸೆಂಬರ್ ಐದಕ್ಕೆ ಮುಂದೂಡಿ, ಅಂದು ಉತ್ತರ ಬರದಿದ್ದರೆ ಅರ್ಜಿ ವಜಾ ಮಾಡಬೇಕಾಗುತ್ತದೆ ಎಂದರು. ಹೊರಗೆ ಬಂದ ಮೇಲೆ ಶ್ಯಾಮಲಾ ಮೇಡಂ, "ನನ್ನ ಹತ್ತಿರ ಮುಚ್ಚಿಟ್ಟರೆ ನಾನೇನು ಮಾಡ್ಲಿ ತನುಜಾ?" ಎಂದು ಬೇಸರ ಮಾಡಿಕೊಂಡರು. ಭಾವ ಜೀಪಿನ ಹತ್ತಿರ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ದೀಪ್ತಿ ಅಭ್ಯಾಸಬಲದಿಂದ "ದೊಡ್ಡಪ್ಪ" ಎಂದಳು. ಅವರು ಆ ಕಡೆ ತಿರುಗಿಕೊಂಡರು.

ಮಾರಿದೆ ಎಂದರೆ ಯಾರಿಗೆ ಎಂದು ಕೇಳುತ್ತಾರೆ. ಕಳೆಯಿತು ಎಂದರೆ ಪೊಲೀಸ್ ದೂರು ಎಲ್ಲಿ ಎಂದು ಕೇಳುತ್ತಾರೆ. ಸುಳ್ಳು ಹೇಳಿ ಪ್ರಮಾಣ ಮಾಡಲು ನನಗೆ ಬರುವುದಿಲ್ಲ. ಇನ್ನೊಂದು ಉತ್ತರ ಇರಬಹುದು ಮಾವ. ಆದರೆ ಅದನ್ನು ಹೇಳುವ ಹಕ್ಕು ನನ್ನದಲ್ಲ.

ಅತ್ತೆಯ ಮಂಡಿಗೆ ಬಿಸಿ ಎಣ್ಣೆ ಹಚ್ಚಲು ಹೇಳಿ.

ನಿಮ್ಮ,
ತನುಜಾ


ನಗರ
22 ನವೆಂಬರ್ 2024

ತನುಜಾ,

ಒಂದು ತಿಂಗಳಾಯಿತು. ನಾಲ್ಕು ಕಾಗದ ಬರೆದು ಒಲೆಗೆ ಹಾಕಿದೆ. ಇದು ಐದನೆಯದು.

ಆ ಸರ ಗಿಲೀಟಿನದು. ಶಿವಮೊಗ್ಗದ ಪೇಟೆಯಲ್ಲಿ ಒಂಬೈನೂರು ರೂಪಾಯಿಗೆ ತಂದದ್ದು. ಅಂಗಡಿಯವನು ಸಾವಿರದ ಇನ್ನೂರು ಹೇಳಿದ್ದ, ನಾನು ಚೌಕಾಸಿ ಮಾಡಿದೆ.

ಆ ದಿನ ಚಪ್ಪರದಲ್ಲಿ ಮುಯ್ಯಿ ಓದುತ್ತಾ ಇದ್ದೆ. ಗಂಡಿನ ಕಡೆಯವರದು ಒಂದಾದ ಮೇಲೊಂದು ಬರುತ್ತಿತ್ತು. ಬೀರು, ಫ್ರಿಜ್ಜು, ಮಂಜುನಾಥಪ್ಪನಿಂದ ತಮ್ಮನಿಗೆ ಬೈಕು. ನಮ್ಮ ಕಡೆಯಿಂದ ಕೊಳಗ, ಚೊಂಬು. ನಿನ್ನ ಅಮ್ಮ ಕಂಬದ ಹತ್ತಿರ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು. ಕೊಟ್ಟ ಸರ ಗಿಲೀಟು ಎಂದು ಅವಳಿಗೂ ಹೇಳಿರಲಿಲ್ಲ. "ಒಂದು ಸರ" ಎಂದಷ್ಟೇ ಓದಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಹತ್ತು ಪವನು. ಹೇಳಿದ ಮೇಲೆ ಅದನ್ನು ನಿಜ ಮಾಡುತ್ತೇನೆ, ಮೊದಲ ದೀಪಾವಳಿಯೊಳಗೆ ಅಸಲಿ ಮಾಡಿಸಿ ಗುಟ್ಟಾಗಿ ಬದಲಾಯಿಸುತ್ತೇನೆ ಎಂದುಕೊಂಡಿದ್ದೆ. ಆ ದೀಪಾವಳಿ ಹೋಯಿತು, ಮುಂದಿನದೂ ಹೋಯಿತು. ಮಾಸ್ತಪ್ಪ ಅಕ್ಕಿ ತಂದುಕೊಟ್ಟ. ನನ್ನಿಂದ ಆಗಲಿಲ್ಲ.

ಗಣೇಶ ಆಸ್ಪತ್ರೆಯಲ್ಲಿದ್ದಾಗ ನಾನು ಬಂದಿದ್ದೆ. ಗೇಟಿನವರೆಗೆ. ಕೈಯಲ್ಲಿ ಎಳನೀರು ಇತ್ತು. ಖರ್ಚಿಗೆ ಆ ಸರ ಅಡವಿಡುತ್ತೇನೆ ಮಾವ ಎಂದು ನೀನು ಅಂದರೆ ಏನು ಹೇಳುವುದು ಎಂದು ಕಾಲು ನಿಂತುಬಿಟ್ಟಿತು. ಎಳನೀರನ್ನು ವಾಚ್‌ಮನ್‌ಗೆ ಕೊಟ್ಟು ಬಸ್ಸು ಹತ್ತಿದೆ.

ನೀನು ಸರದ ಕಡೆ ನೋಡಿಯೇ ಇಲ್ಲವೋ, ಕಪ್ಪಾದ ಮೇಲೆ ಎಸೆದೆಯೋ, ನನಗೆ ಗೊತ್ತಿಲ್ಲ. ಕೇಳುವ ಮುಖವೂ ನನಗಿಲ್ಲ.

ನಾನು ಬಂದು ಹೇಳುತ್ತೇನೆ. ಬರೆದು ಕೊಟ್ಟರೆ ಆಗುವುದಿಲ್ಲವೇ ಎಂದು ನಿನ್ನ ವಕೀಲರನ್ನು ಕೇಳು. ಆಗುವುದಿಲ್ಲ ಎಂದರೆ ಬರುತ್ತೇನೆ.

ಕನ್ನಪ್ಪ


ತೀರ್ಥಹಳ್ಳಿ
27 ನವೆಂಬರ್ 2024

ಮಾವನಿಗೆ ನಮಸ್ಕಾರ.

ಆಗುವುದಿಲ್ಲವಂತೆ. ನೀವೇ ಬಂದು ಕಟಕಟೆಯಲ್ಲಿ ನಿಂತು ಹೇಳಬೇಕು.

ಡಿಸೆಂಬರ್ ಐದು, ಗುರುವಾರ, ಹತ್ತೂವರೆಗೆ. ಆಧಾರ್ ಕಾರ್ಡ್ ತನ್ನಿ. ಮೊದಲ ಬಸ್ಸಿಗೇ ಹೊರಡಿ. ತಿಂಡಿ ಕಟ್ಟಿಕೊಂಡು ಬರುತ್ತೇನೆ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕು, ಒಂದು ಮಾತೂ ಹೆಚ್ಚಿಗೆ ಬೇಡ ಎಂದು ಶ್ಯಾಮಲಾ ಮೇಡಂ ಹೇಳಿದ್ದಾರೆ. ನಿಮಗೆ ಕಷ್ಟವಾಗುವುದು ಅದೊಂದೇ ಎಂದೆ. ಅವರು ನಕ್ಕರು.

ಸರ ನನ್ನ ಹತ್ತಿರ ಇದೆ. ತರುತ್ತೇನೆ.

ಎಳನೀರಿನ ವಿಷಯ ಓದಿದೆ. ಆ ದಿನ ಗಣೇಶ ಎಳನೀರು ಬೇಕು ಎಂದಿದ್ದರು. ವಾಚ್‌ಮನ್ ತಂದು ಕೊಟ್ಟ, ಯಾರೋ ದೊಡ್ಡ ಗಂಟಲಿನವರು ಕೊಟ್ಟು ಹೋದರು ಎಂದ. ಅವರು ಅರ್ಧ ಕುಡಿದರು.

ನಿಮ್ಮ,
ತನುಜಾ


ನಗರ
20 ಜನವರಿ 2025

ಚಿರಂಜೀವಿ ತನುಜಾಳಿಗೆ,

ಮಾವನ ಆಶೀರ್ವಾದ. ನೀನು ಕಳಿಸಿದ ಆದೇಶದ ನಕಲು ಬಂತು. ವೆಂಕಮ್ಮನಿಗೆ ಓದಿ ಹೇಳಿದೆ: "ಅರ್ಜಿದಾರಳು ನಿರ್ಗತಿಕ ವ್ಯಕ್ತಿ ಎಂಬುದು ಸಾಬೀತಾಗಿದ್ದು, ನ್ಯಾಯಾಲಯ ಶುಲ್ಕವಿಲ್ಲದೆ ದಾವೆ ಹೂಡಲು ಅನುಮತಿ ನೀಡಲಾಗಿದೆ." ಅವಳು ಮೊದಲು ಅತ್ತಳು. ಆಮೇಲೆ, ಹನ್ನೊಂದು ವರ್ಷ ತನ್ನನ್ನೂ ಹತ್ತು ಪವನು ಎಂದೇ ನಂಬಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಮಂಡಿನೋವು ಮತ್ತೆ ಶುರುವಾಯಿತು, ಮಾತೂ ಬಂತು.

ಆ ದಿನ ನಡೆದದ್ದನ್ನು ನಿನಗೇ ಬರೆಯುತ್ತಿದ್ದೇನೆ. ಕೋರ್ಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದರೂ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವಲ್ಲ.

ಪ್ರಮಾಣ ಮಾಡಿಸಿದರು. ಶ್ಯಾಮಲಾ ಮೇಡಂ ಸರ ತೋರಿಸಿ, ಇದು ಏನು ಎಂದು ಕೇಳಿದರು. ಗಿಲೀಟು ಎಂದೆ. ನ್ಯಾಯಾಧೀಶರು, "ಕೇಳಿಸ್ತಾ ಇಲ್ಲ, ಸ್ವಲ್ಪ ಜೋರಾಗಿ ಹೇಳಿ" ಎಂದರು. ನನಗೆ, ಕನ್ನಪ್ಪನಿಗೆ. ಮತ್ತೆ ಹೇಳಿದೆ. ಮತ್ತೂ ಕೇಳಿಸಲಿಲ್ಲ. ಮೂರನೇ ಸಲ ಹೇಳಿದಾಗ ಬರೆದುಕೊಂಡರು. ಮದುವೆಯಲ್ಲೂ ಮೂರು ಸಲವೇ ಕೂಗಿದ್ದೆ.

ಆಮೇಲೆ ಅವರ ವಕೀಲ ಎದ್ದ. "ಹಾಗಾದ್ರೆ ಐನೂರು ಜನರ ಮುಂದೆ ಹೇಳಿದ್ದು ಸುಳ್ಳಾ?"

"ಐನೂರಲ್ಲ ಸ್ವಾಮಿ, ಮುನ್ನೂರು. ಐನೂರು ಅಂತ ನಾನೇ ಹೇಳ್ಕೊಂಡು ಬಂದಿದ್ದು."

ಕೇಳಿದ್ದಕ್ಕಿಂತ ಹೆಚ್ಚು ಹೇಳಿದೆ, ಗೊತ್ತು. ಮೇಡಂ ಕಣ್ಣು ಮುಚ್ಚಿಕೊಂಡಿದ್ದನ್ನು ನೋಡಿದೆ.

ಅವನು ಬಿಡಲಿಲ್ಲ. "ಅಸಲಿ ಸರ ಬಚ್ಚಿಟ್ಟು, ನಿನ್ನೆ ಪೇಟೆಯಿಂದ ಇದನ್ನ ತಂದಿದ್ದೀರಿ ಅಂತ ನಾನು ಹೇಳ್ತೀನಿ" ಎಂದ. ಹನ್ನೊಂದು ವರ್ಷದ ಹಿಂದಿನ ರಸೀದಿ ಯಾರು ಇಟ್ಟುಕೊಂಡಿರುತ್ತಾರೆ? ನಿಜ ಹೇಳಿದರೆ ಸಾಕು ಎಂದುಕೊಂಡಿದ್ದೆ. ನಂಬಿಸುವುದು ಬೇರೆ ಕೆಲಸ ಎಂದು ಅಲ್ಲಿ ತಿಳಿಯಿತು. ಸುಳ್ಳು ಹೇಳಿದಾಗ ಯಾರೂ ಸಾಕ್ಷಿ ಕೇಳಿರಲಿಲ್ಲ.

ನನ್ನದು ಮುಗಿಸಿ ನಿನ್ನನ್ನು ಮತ್ತೆ ಕರೆದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ನೀನು ಸರವನ್ನು ಮಗುಚಿ ಹಿಡಿದೆ. ಹಿಂಭಾಗದುದ್ದಕ್ಕೂ ಕೆಂಪು ರೇಷ್ಮೆಯ ಪಟ್ಟಿ ಹೊಲಿದಿತ್ತು. ಬೆವರಿನಿಂದ ಕೊಳೆಯಾಗಿ, ಅಂಚು ಸವೆದು, ಒಂದು ಕಡೆ ಬಿಟ್ಟು ಮತ್ತೆ ಹೊಲಿದು, ಅದರ ಮೇಲೆ ಮತ್ತೆ ಹೊಲಿದು. ನಿನ್ನೆ ತಂದದ್ದಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನ್ಯಾಯಾಧೀಶರೇ ಕೇಳಿದರು: "ಈ ಬಟ್ಟೆ ಯಾಕಮ್ಮ?"

"ಹಾಕ್ಕೊಂಡ್ರೆ ಕುತ್ತಿಗೆ ಹಸಿರಾಗ್ತಿತ್ತು. ಯಾರಿಗೂ ಕಾಣಬಾರ್ದು ಅಂತ ನಾನೇ ಹೊಲ್ಕೊಂಡೆ."

"ಗಿಲೀಟು ಅಂತ ಯಾವಾಗ ಗೊತ್ತಾಯ್ತು?"

"ಮದುವೆಯಾಗಿ ಎಂಟನೇ ದಿನ."

"ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ? ಅದನ್ನೇ ಯಾಕೆ ಹಾಕ್ಕೊಂಡ್ರಿ?"

ನೀನು ನನ್ನ ಕಡೆ ತಿರುಗಲಿಲ್ಲ. "ಮಾವ ಮೈಕಲ್ಲಿ ಹೇಳಿದ್ರು. ಅದು ಸುಳ್ಳಾಗಬಾರ್ದು ಅಂತ" ಎಂದೆ.

ತನುಜಾ, ದೀಪ್ತಿಯ ನಾಮಕರಣಕ್ಕೆ, ನಿನ್ನ ಅಮ್ಮನ ವೈಕುಂಠ ಸಮಾರಾಧನೆಗೆ, ಮಾಸ್ತಪ್ಪನ ಮನೆ ಒಕ್ಕಲಿಗೆ, ನಾನಿದ್ದ ಪ್ರತಿ ಸಮಾರಂಭಕ್ಕೂ ನೀನು ಆ ಸರ ಹಾಕಿಕೊಂಡು ಬರುತ್ತಿದ್ದೆ. ನೋಡಿದಾಗೆಲ್ಲ ನಾನು, ಇವಳಿಗೆ ಗೊತ್ತಾಗಿಲ್ಲ, ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಪಟ್ಟಿಯಲ್ಲಿ ಅದು ಯಾಕಿರಲಿಲ್ಲ ಎಂದೂ ಆ ದಿನವೇ ತಿಳಿಯಿತು. ಗಿಲೀಟು ಎಂದು ಬರೆದರೆ ನನ್ನ ಮಾನ ಹೋಗುತ್ತಿತ್ತು. ಬಂಗಾರ ಎಂದು ಬರೆದರೆ ನಿನ್ನ ಕೇಸು ಹೋಗುತ್ತಿತ್ತು. ನೀನು ಬರೆಯಲೇ ಇಲ್ಲ.

ಈಗ ತಿದ್ದಿದ ಪಟ್ಟಿಯಲ್ಲಿ ಏಳನೆಯದಾಗಿ ಸೇರಿದೆ, ನೋಡಿದೆ. "ಗಿಲೀಟಿನ ಸರ, ಒಂದು. ಬೆಲೆ ಇಲ್ಲ."

ದಾವೆ ಇನ್ನು ಶುರುವಾಗಬೇಕು, ಮಂಜುನಾಥಪ್ಪ ಸುಮ್ಮನಿರುವವನಲ್ಲ. ಪ್ರತಿ ತಾರೀಖಿಗೂ ಬರುತ್ತೇನೆ. ಇದನ್ನು ಮೈಕಿನಲ್ಲಿ ಹೇಳುತ್ತಿಲ್ಲ, ಬರುತ್ತೇನೆ.

ನಿನ್ನೆ ಮಾಸ್ತಪ್ಪನ ಅಂಗಡಿಯಲ್ಲಿ, "ನಮ್ಮ ತನುಜಾ ನಿರ್ಗತಿಕಳು ಅಂತ ಕೋರ್ಟೇ ಬರೆದುಕೊಟ್ಟಿದೆ. ಸುಮ್ನೆ ಯಾರಿಗೂ ಕೊಡಲ್ಲ ಅದನ್ನ" ಎಂದು ಹತ್ತು ಜನರಿಗೆ ಕೇಳುವ ಹಾಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ಮಾತು ಕೇಳಿ ಜಡ್ಜು ಎದ್ದು ನಿಂತು ಕೈ ಮುಗಿದರು ಎಂದೂ ಸೇರಿಸಿದೆ. ಮನೆ ಕಡೆ ಅರ್ಧ ದಾರಿ ಬಂದೆ. ತಿರುಗಿ ಹೋಗಿ, "ಎದ್ದು ನಿಲ್ಲಲಿಲ್ಲ ಮಾರಾಯ, ಕೂತೇ ಇದ್ರು" ಎಂದೆ.

ಮಾಸ್ತಪ್ಪ ಲೋಟ ತೊಳೆಯುತ್ತಾ, "ಅದು ನಮಗೆ ಗೊತ್ತಿರತ್ತೆ ಕನ್ನಪ್ಪ. ಕೂತ್ಕೋ, ಚಾ ಕುಡಿ" ಎಂದ.

ದೀಪ್ತಿಗೆ ನನ್ನ ಮುತ್ತು. ಸರ ನಿನ್ನ ಹತ್ತಿರವೇ ಇರಲಿ. ಆದರೆ ಇನ್ನು ಹಾಕಿಕೊಳ್ಳಬೇಡ, ಕುತ್ತಿಗೆ ಹಸಿರಾಗುತ್ತದೆ.

ನಿನ್ನ ಮಾವ,
ಕನ್ನಪ್ಪ